ಎಡಗಡೆ ಬಿದ್ದ ಹೂವು

ಯಲಹಂಕದ ಮುನಿಕೃಷ್ಣಮ್ಮ ಬಿ.ಕಾಂ. ಸೇರಬೇಕಾಗಿದ್ದ ದಿನ ಅವರ ಮನೆಯಲ್ಲಿ ಯಾರೊಬ್ಬರೂ ‘ಬಿ ಕಾಮ್’ ಆಗಿರಲಿಲ್ಲ. ಎದುರು ಮನೆಯ ಗೆಳತಿಯಾದ ನಾನಂತೂ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿಂದ ಶುರುಮಾಡಿದ್ದೆ.

ಅರವತ್ನಾಲ್ಕರ ಜೂನ್. ಕೃಷ್ಣಿಗೆ ಎರಡು ಕಾಲೇಜು ಸೀಟು ಕೊಟ್ಟಿದ್ದವು. ಎರಡಕ್ಕೂ ಅಂದೇ ಕೊನೆಯ ದಿನ. ಅವಳ ಹತ್ತಿರ ಇದ್ದದ್ದು ಒಂದೇ ಟಿ.ಸಿ. ಒಂದು, ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ಮಿಷನ್ ಕಾಲೇಜು: ಕಲ್ಲಿನ ಗೋಪುರ, ಹುಲ್ಲುಹಾಸು, ಮೂಗಿನಲ್ಲಿ ಬರುವ ಇಂಗ್ಲಿಷು. ಇನ್ನೊಂದು, ಪೇಟೆಯ ಸಂಜೆ ಕಾಲೇಜು. ಹಗಲು ಅದು ಪ್ರೈಮರಿ ಶಾಲೆ. ಬೆಂಚಿನ ಮೇಲೆ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಆದರೆ ಪಾಠ ಮಾಡುವವರು ಹಗಲೆಲ್ಲ ಬ್ಯಾಂಕಿನಲ್ಲೋ ಆಡಿಟರ್ ಆಫೀಸಿನಲ್ಲೋ ಕೂತು ಬಂದವರು. ಕೃಷ್ಣಿ ಹಿಂದಿನ ಬೆಂಚಿನಲ್ಲಿ ಒಂದು ದಿನ ಪಾಠ ಕೇಳಿ ಬಂದಿದ್ದಳು.

“ಅಲ್ಲಿ ಲೆಕ್ಕ ಬರೆಯೋದಲ್ಲ ಕಣೇ, ಲೆಕ್ಕದೊಳಗಿನ ಕಳ್ಳತನ ಹಿಡಿಯೋದು ಹೇಳ್ಕೊಡ್ತಾರೆ! ಹಗಲು ಆಡಿಟರ್ ಹತ್ರ ಕೆಲಸನೂ ಕಲೀಬಹುದು.”

ಬ್ಯಾಂಕಿನ ಕೌಂಟರಿನಲ್ಲಿ ಕೂರುವುದಲ್ಲ, ಯಾರಿಗೆ ಸಾಲ, ಯಾರಿಗೆ ಇಲ್ಲ ಎಂದು ತೀರ್ಮಾನಿಸುವ ಒಳಗಿನ ಕೋಣೆಯಲ್ಲಿ ಕೂರುವುದು ಅವಳ ಆಸೆ.

ಅವಳ ಸೋದರಮಾವ ಆಂಜಿನಪ್ಪನಿಗೆ ಯಶವಂತಪುರದಲ್ಲಿ ಮರದ ಡಿಪೋ. ಮಾತೂ ಮರ ಸೀಳಿದ ಹಾಗೆಯೇ. “ದೀಪ ಅಚ್ಚೋ ಒತ್ನಲ್ಲಿ ಎಣ್ಮಕ್ಳು ಮನೆಗೆ ಬತ್ತವೆ, ಒರಗೋಯ್ತವಾ? ದೊಡ್ಡ ಕಾಲೇಜು ಎಸ್ರು ಏಳುದ್ರೆ ಗಂಡಾದ್ರೂ ಸಿಕ್ತದೆ.”

ಕೃಷ್ಣಿಯ ಅಪ್ಪ ಮುನಿವೆಂಕಟಯ್ಯ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕಬ್ಬಿಣವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕೊರೆಯುತ್ತಿದ್ದವರು. ಮನೆಯಲ್ಲಿ ಮಾತ್ರ ಒಂದು ತೀರ್ಮಾನವನ್ನೂ ಕೊರೆಯಲಾರರು. “ಅಮ್ಮನ್ನೇ ಕೇಳ್ಬುಡಾನ” ಎಂದರು.

ಅಮ್ಮನೆಂದರೆ ಊರಮ್ಮ. ನೀರು ಸೋಕಿಸಿದ ಹೂಗಳನ್ನು ಅವಳ ಮೈಗೆ ಅಂಟಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಮದುವೆಗೆ, ಬಾವಿಗೆ, ಎತ್ತು ಕೊಳ್ಳುವುದಕ್ಕೆ ಊರೆಲ್ಲ ಹೀಗೆಯೇ ಕೇಳುತ್ತಿತ್ತು. ಆದರೆ ಅಪ್ಪ ಒಂದು ಕಾಲೇಜಿಗೆ ಹೂಂ ಉಹೂಂ ಕೇಳಲಿಲ್ಲ. ಎರಡನ್ನೂ ಒಟ್ಟಿಗೇ ಕೇಳಿದರು. ಎಡವಟ್ಟಾಗಿದ್ದು ಅಲ್ಲೇ.

“ಬಲಕ್ಕೆ ದೊಡ್ಡ ಕಾಲೇಜು, ಎಡಕ್ಕೆ ಸಂಜೆ ಕಾಲೇಜು” ಎಂದು ಮಾವ ಹಂಚಿಬಿಟ್ಟ. ಬಲವೆಲ್ಲ ಅವನ ಕಡೆಗೇ.

ಪೂಜಾರಿ ಚಿಕ್ಕಮಾರಯ್ಯ ಕಣಗಿಲೆ ಹೂ ಅಂಟಿಸಿ ಹಿಂದೆ ಸರಿದ. ಹೊರಗೆ ಪೇಟೆಯ ಬಸ್ಸೊಂದು ಬಂದು ಹಾರ್ನ್ ಹೊಡೆದು ಹೋಯಿತು. ಇನ್ನುಳಿದದ್ದು ಒಂದೇ ಬಸ್ಸು. ಅದೂ ತಪ್ಪಿದರೆ ಎರಡು ಕಾಲೇಜೂ ಇಲ್ಲ. ಅಮ್ಮನ ಬಲಭುಜದ ಹೂವು ಮೆಲ್ಲನೆ ಜಾರಿತು. “ಬಂತು, ಬಂತು!” ಎಂದು ಮಾವ ಕೈ ಮುಗಿದ. ಹೂವು ಸೀರೆಯ ನೆರಿಗೆಗೆ ಸಿಕ್ಕಿ ಅಲ್ಲೇ ನಿಂತಿತು. ಕೃಷ್ಣಿ ನನ್ನ ಮುಂಗೈಯನ್ನು ಉಗುರು ಇಳಿಯುವಷ್ಟು ಹಿಡಿದಿದ್ದಳು.

ಟಪ್ಪೆಂದು ಬಿದ್ದದ್ದು ಎಡಗಡೆಯದು.

ಕೃಷ್ಣಿಯ ಮುಖ ಅರಳುವಷ್ಟರಲ್ಲಿ ಗುಡಿಯೆಲ್ಲ ಮಂಕಾಯಿತು. ಹುಟ್ಟಿದಾಗಿನಿಂದ ಎಡದ ಹೂವೆಂದರೆ ಬೇಡವೆಂದೇ ತಿಳಿದವರು.

“ಅಮ್ಮ ಬ್ಯಾಡ ಅಂದ್ಬುಟ್ಲು ಬಾವ” ಎಂದ ಮಾವ. “ಓದೇ ಬ್ಯಾಡ. ನಾನು ನೋಡಿರೋ ಆ ಚಿಕ್ಕಜಾಲದ ಗಂಡಿಗೆ ಇವತ್ತೇ ಏಳ್ಕಳಿಸ್ತೀನಿ.”

“ಎಡ ಅಂದ್ರೆ ಸಂಜೆ ಕಾಲೇಜು ಅಂತ ನೀವೇ ಅಂದ್ರಲ್ಲ ಮಾವ!” ಎಂದಳು ಕೃಷ್ಣಿ.

“ಎಡ ಅಂದ್ರೆ ಎಡವೇ ಕಣಮ್ಮ. ನಿಮ್ಮ ತಾತ ಎಡ ಬಿದ್ರೂ ಬಾವಿ ತೋಡ್ಸಿದ್ರು. ಏನ್ ಬಂತು? ಬಂಡೆ ಬಂತು.”

ಅಪ್ಪ ಪೂಜಾರಿಯ ಕಡೆ ತಿರುಗಿದರು. “ಇನ್ನೊಂದ್ಸಲ ಕೇಳಾನಾ?”

“ಒಂದಿನಕ್ಕೆ ಒಂದೇ ಸಲ ಕಣಪ್ಪ. ಅಮ್ಮ ಏನು ನಿಮ್ಮನೆ ಕೂಲಿಯವಳಾ?”

ಅಪ್ಪ ತಲೆ ತಗ್ಗಿಸಿದರು. ಕೃಷ್ಣಿ ಅಳಲಿಲ್ಲ, ಅಪ್ಪನನ್ನೇ ನೋಡುತ್ತಾ ನಿಂತಳು. ಅವರು ತಲೆ ಎತ್ತಲಿಲ್ಲ.

ಆಗ ಕಂಬದ ಪಕ್ಕದಿಂದ ಅವಳ ತಾಯಿ ಮಾರಕ್ಕ ಮುಂದೆ ಬಂದರು. ಬೆಳಗಿನಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಎಡಕ್ಕೆ ಬಿದ್ದ ಹೂವನ್ನು ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ, ಪೂಜಾರಿ ಗುಡಿಸಿ ಹಾಕುತ್ತಾನೆ. ಮಾರಕ್ಕ ಬಗ್ಗಿ ಅದನ್ನು ಎತ್ತಿಕೊಂಡರು, ಕಣ್ಣಿಗೊತ್ತಿಕೊಂಡು ಮಗಳ ಜಡೆಗೆ ಸಿಕ್ಕಿಸಿದರು.

“ಅಕ್ಕಾ, ಏನ್ ಮಾಡ್ತಿದೀಯ!” ಮಾವ ಕಿರುಚಿದ.

“ಎರಡು ಕಡೀಕೂ ಕಾಲೇಜೇ ಮಡಗಿ ಕೇಳುದ್ರಲ್ಲೋ ಆಂಜಿ. ಬ್ಯಾಡ ಅನ್ನಾದ್ನ ಯಾವ ಕಡೀಕೆ ಮಡಗಿದ್ದೆ, ಏಳು?”

ಮಾವ ಪೂಜಾರಿಯ ಕಡೆ ನೋಡಿದ. ಪೂಜಾರಿ ಗಂಟಲು ಸರಿಮಾಡಿಕೊಂಡು ಕರ್ಪೂರ ಹುಡುಕತೊಡಗಿದ.

“ಬಸ್ಸು ಬತ್ತದೆ, ನಡೀರಿ” ಎಂದರು ಮಾರಕ್ಕ ಗಂಡನಿಗೆ.

ಗುಡಿಯ ಮೆಟ್ಟಿಲಿಳಿಯುವಾಗ ಮಾವ ಹಿಂದಿನಿಂದ ಕೂಗಿದ. “ಕತ್ಲಾದ್ಮೇಲೆ ದಿನಾ ಯಾರು ಕರ್ಕಂಬತ್ತಾರೋ ನೋಡೇಬುಡ್ತೀನಿ!”

“ನಾನು” ಎಂದರು ಮುನಿವೆಂಕಟಯ್ಯ, ತಿರುಗದೆಯೇ. ಅಂದು ಅವರು ಸ್ವಂತವಾಗಿ ಮಾಡಿದ ತೀರ್ಮಾನ ಅದೊಂದೇ.

ಕೃಷ್ಣಿ ಸಂಜೆ ಕಾಲೇಜಿಗೆ ಟಿ.ಸಿ. ಕೊಟ್ಟಳು, ಬಿ.ಕಾಂ. ಮುಗಿಸಿದಳು, ಬ್ಯಾಂಕು ಸೇರಿದಳು. ಒಳಗಿನ ಕೋಣೆಗೆ ಹೋಗಲು ಮಾತ್ರ ತಲೆಯಲ್ಲಿ ನಾಲ್ಕು ಬಿಳಿ ಕೂದಲು ಮೂಡುವವರೆಗೆ ಕಾಯಬೇಕಾಯಿತು. ಓದಿನ ಅಷ್ಟೂ ವರ್ಷ ಅಪ್ಪ ಬೆಳಗಿನ ಪಾಳಿಯನ್ನೇ ಕೇಳಿ ಪಡೆದು, ಸಂಜೆ ಆ ಶಾಲೆಯ ಜಗಲಿಯ ಮೇಲೆ ಕಾಯುತ್ತಿದ್ದರು. ಕೋಳಿ ಕೂಗುವ ಮೊದಲೇ ಎದ್ದ ಜೀವ. ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಪಾಠ ಮುಗಿದ ಮೇಲೆ ಅವರನ್ನು ತಟ್ಟಿ ಎಬ್ಬಿಸಿ, ಕೈ ಹಿಡಿದು ಬಸ್ಸು ಹತ್ತಿಸಿ, ಮನೆಗೆ ಕರೆದುಕೊಂಡು ಬರುತ್ತಿದ್ದವಳು ಮಗಳೇ.