ರಾಗ್ನಾ ತೋರಿಸಿದ ಕೊಟ್ಟಿಗೆ

ಅಮೆರಿಕದ ಉತ್ತರ ಡಕೋಟದ ಬಯಲಿನಲ್ಲಿ ಪಾಳುಬಿದ್ದಿದ್ದ ಆಪ್ಡಾಲ್ ಎಂಬ ರೈತ ಮನೆತನದ ಮನೆ, ಕೊಟ್ಟಿಗೆಗಳನ್ನು ಊರಿನವರು ರಿಪೇರಿ ಮಾಡಿ, ಹಿಂದಿನವರ ಬದುಕನ್ನು ಬಂದವರ ಕಣ್ಣೆದುರೇ ಮಾಡಿ ತೋರಿಸುವ ಜಾಗವಾಗಿಸಿದರು. ಹಳೆಯ ಕಾಲದ ಉಡುಪು ತೊಟ್ಟು, ಸೌದೆ ಒಲೆಯಲ್ಲಿ ಬ್ರೆಡ್ ಬೇಯಿಸಲು ಒಬ್ಬ ಹೆಂಗಸು ಬೇಕಾಗಿತ್ತು. ಎಲ್ಲರಿಗಿಂತ ಮೊದಲು ಮುಂದೆ ಬಂದವಳು ರಾಗ್ನಾ ಟ್ವೈಟ್. ಅರವತ್ತು ದಾಟಿದ ವಿಧವೆ, ಮಾತು ಕಡಿಮೆ. ಇವಳಿಗೇಕೆ ಈ ಉಸಾಬರಿ ಎಂದು ಯಾರೂ ಕೇಳಲಿಲ್ಲ.

ಅವಳ ತಾಯಿ ಇಂಗೆಬೋರ್ಗ್ ಹರೆಯದಲ್ಲಿ ಅದೇ ಮನೆಯಲ್ಲಿ ಕೆಲಸಕ್ಕಿದ್ದಳು. ಒಂದು ಚಳಿಗಾಲ ಅವಳಿಗೆ ಮೈತುಂಬ ದದ್ದೆದ್ದು ಜ್ವರ ಬಂತು. ತನ್ನ ಮಕ್ಕಳಿಗೆ ಅಂಟೀತೆಂದು ಯಜಮಾನ ಆಪ್ಡಾಲ್ ಅವಳನ್ನು ಕೊಟ್ಟಿಗೆಯಲ್ಲಿ ಕರುಗಳ ಪಕ್ಕ ಮಲಗಿಸಿದ. ಜ್ವರವೇನೋ ಇಳಿಯಿತು. ಆದರೆ ಹಿಮ ಕೊರೆದು ಎಡಗೈ ಬೆರಳುಗಳು ಕಪ್ಪಾದವು, ಮೂರನ್ನು ತೆಗೆಯಬೇಕಾಯಿತು. ಹಾಲು ಕರೆಯಲಾರದವಳನ್ನು ಇಟ್ಟುಕೊಂಡು ಏನು ಮಾಡುವುದೆಂದು ಅವನು ಅವಳನ್ನು ಹೊರಗಟ್ಟಿದ. ಮುಂದೆ ಮಗಳ ಜಡೆ ಹೆಣೆಯಲೂ ಆ ಕೈಗೆ ಆಗಲಿಲ್ಲ. ರಾಗ್ನಾ ಮೋಟು ಕೂದಲಲ್ಲೇ ಶಾಲೆಗೆ ಹೋದಳು.

ಉದ್ಘಾಟನೆಯ ದಿನ ಆಪ್ಡಾಲನ ಮಗ ಸೆಲ್ಮರ್ ಭಾಷಣ ಮಾಡಿದ.

“ಹಿಂದೆ ಹೇಗಿತ್ತೋ ಹಾಗೇ ಇಲ್ಲಿ ತೋರಿಸ್ಬೇಕು. ನಮ್ಮಪ್ಪ ಕೆಲಸದೋರನ್ನ ಸ್ವಂತ ಮಕ್ಕಳ ಥರ ನೋಡ್ಕೊಂಡ್ರು,” ಎಂದ. ಜನ ಚಪ್ಪಾಳೆ ತಟ್ಟಿದರು.

ರಾಗ್ನಾ ಹಿಟ್ಟಿನ ಕೈ ಒರೆಸಿಕೊಂಡು, “ಬನ್ನಿ, ಆ ಮಕ್ಕಳು ಮಲಗ್ತಿದ್ದ ಜಾಗ ತೋರಿಸ್ತೀನಿ,” ಎಂದು ಎಲ್ಲರನ್ನೂ ಕೊಟ್ಟಿಗೆಗೆ ಕರೆದೊಯ್ದಳು. ತಾಯಿಯ ಹೆಸರು ಹೇಳಿದಳು. ನಡೆದದ್ದನ್ನೆಲ್ಲ ಹೇಳಿದಳು.

ಸೆಲ್ಮರ್ ಮುಖ ಕೆಂಪು ಮಾಡಿಕೊಂಡು ಬಂದ. “ಸತ್ತೋರ ಮೇಲೆ ಯಾಕೆ ಕೆಸರು ಎರಚ್ತೀಯ ರಾಗ್ನಾ?”

“ಹಿಂದೆ ಹೇಗಿತ್ತೋ ಹಾಗೇ ತೋರಿಸ್ಬೇಕು ಅಂದೋನು ನೀನೇ ತಾನೆ?”

“ಬೇಕಾದ್ರೆ ಕ್ಷಮೆ ಕೇಳ್ತೀನಿ.”

“ನಿನ್ನ ಕ್ಷಮೆ ನಿನ್ನತ್ರಾನೇ ಇರ್ಲಿ. ನೀನು ಬಂದಾಗೆಲ್ಲ ಇದನ್ನ ಕೇಳಿಸ್ಕೊ, ನಂಗಷ್ಟು ಸಾಕು.”

ಅವಳನ್ನು ತೆಗೆದುಹಾಕಿಸಲು ಅವನು ಆ ಜಾಗ ನೋಡಿಕೊಳ್ಳುತ್ತಿದ್ದ ಊರಿನ ಸಮಿತಿಯವರ ಬೆನ್ನುಹತ್ತಿದ. ಆದರೆ ಬಂದವರು ಮೊದಲು ಕೇಳುತ್ತಿದ್ದದ್ದೇ ಕೊಟ್ಟಿಗೆಯನ್ನು. ಬೇಸಿಗೆಯ ಮೇಲೆ ಬೇಸಿಗೆ ಅವಳು ಅದನ್ನೇ ಹೇಳಿದಳು. ಸೆಲ್ಮರ್ ಆ ಕಡೆ ಸುಳಿಯುವುದನ್ನು ಬಿಟ್ಟ, ಆಮೇಲೆ ಚರ್ಚಿಗೆ ಹೋಗುವುದನ್ನೂ. ಅವನ ಮೊಮ್ಮಗಳು ಶಾಲೆಯವರ ಜೊತೆ ಬಂದಾಗಲೂ ರಾಗ್ನಾ ಒಂದು ಮಾತು ಕಡಿಮೆ ಮಾಡಲಿಲ್ಲ. ಹುಡುಗಿ ಅಳುತ್ತ ಬಸ್ಸು ಹತ್ತಿದಳು. ರಾಗ್ನಾ ಅಂದು ಹೊಟ್ಟೆತುಂಬ ಉಂಡಳು.

ಸೆಲ್ಮರ್ ಹಾಸಿಗೆ ಹಿಡಿದಾಗ ಅವನ ಸೊಸೆ ರಾಗ್ನಾ ಬ್ರೆಡ್ ಬೇಯಿಸುತ್ತಿದ್ದ ಅಡುಗೆಮನೆಗೇ ಬಂದು ಬೇಡಿಕೊಂಡಳು.

“ಮಾವ ಇನ್ನು ಹೆಚ್ಚು ದಿನ ಇರಲ್ಲ. ಅಲ್ಲೀವರೆಗಾದ್ರೂ ನಿಲ್ಲಿಸಿ. ನಿಮ್ಮ ಕಾಲಿಗೆ ಬೀಳ್ತೀನಿ.”

ರಾಗ್ನಾ ಅವಳನ್ನು ಕೂರಿಸಿ ಕಾಫಿ ಕೊಟ್ಟಳು, ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ ಮುಂದಿಟ್ಟಳು. ಆಮೇಲೆ ಹೊರಗೆ ಕಾಯುತ್ತಿದ್ದವರನ್ನು ಕರೆದುಕೊಂಡು ಕೊಟ್ಟಿಗೆಯ ಕಡೆ ನಡೆದಳು. ಅಂದು ಅವಳ ದನಿ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.