ಹಸಿರು ದೀಪಾವಳಿಯ ಚೀಲಗಳು

ಅವರ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ತಾಗಿ ತಾಗಿ ಹುಣಸೆಬೀಜದಷ್ಟು ಗಾತ್ರದ ಜಡ್ಡು ಕಟ್ಟಿತ್ತು. ಏನಾದರೂ ಯೋಚಿಸುವಾಗ ಅದನ್ನು ಎಡಗೈಯ ಉಗುರಿನಿಂದ ಕೆರೆಯುತ್ತಿದ್ದರು. ಜೆಪ್ಪುವಿನ ನಮ್ಮ ಓಣಿಯ ತುದಿಯಲ್ಲೇ ಅವರ ಅಂಗಡಿ. ನನ್ನ ಶಾಲೆಯ ಲಂಗದಿಂದ ಹಿಡಿದು ಮದುವೆಯ ರವಿಕೆಯವರೆಗೆ ಎಲ್ಲವನ್ನೂ ಹೊಲಿದವರು ಅವರೇ. ಓಣಿಗೆಲ್ಲ ಅವರು ಟೈಲರ್ ಮಾಮ.

ಹೊಲಿದು ಉಳಿದ ತುಂಡು ದರ್ಜಿಗೇ ಸೇರಿದ್ದು ಎಂದುಕೊಂಡು ಬೇರೆ ಅಂಗಡಿಗಳಲ್ಲಿ ಅದನ್ನು ಯಾರೂ ಕೇಳುವುದೇ ಇಲ್ಲ. ಮಾಮನಲ್ಲಿ ಹಾಗಿರಲಿಲ್ಲ. ಪ್ರತಿಯೊಬ್ಬರ ತುಂಡುಗಳನ್ನೂ ಬೇರೆ ಬೇರೆ ಗಂಟು ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ ಅಟ್ಟಕ್ಕೆ ಹಾಕುತ್ತಿದ್ದರು. ದೀಪಾವಳಿಗೆ ಆ ಗಂಟಿನಿಂದಲೇ ಒಂದು ಚೀಲವನ್ನೋ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನೋ ಹೊಲಿದು ಉಡುಗೊರೆ ಕೊಡುತ್ತಿದ್ದರು. ಥ್ಯಾಂಕ್ಸ್ ಹೇಳಿದರೆ ಮುಖ ಸಿಂಡರಿಸುತ್ತಿದ್ದರು. “ನಿನ್ನದೇ ಬಟ್ಟೆ ನಿನಗೆ ಕೊಟ್ಟದ್ದು. ಅದಕ್ಕೆ ಎಂತ ಥ್ಯಾಂಕ್ಸ್?”

ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ‘ಹಸಿರು ದೀಪಾವಳಿ’ಯ ಹುಚ್ಚು ಹತ್ತಿತು. ಸಿಬ್ಬಂದಿಗೂ ಗಿರಾಕಿಗಳಿಗೂ ಪ್ಲಾಸ್ಟಿಕ್ ಡಬ್ಬದ ಬದಲು ಕಸವಾಗದ ಉಡುಗೊರೆ ಕೊಡಬೇಕಂತೆ. ಅದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ನೇರ ಮಾಮನ ಹತ್ತಿರ ಹೋಗಿ, ತುಂಡು ಬಟ್ಟೆಯ ಮುನ್ನೂರು ಚೀಲ ಬೇಕು ಎಂದೆ. ಅವರು ಜಡ್ಡು ಕೆರೆದರು.

“ಮಾಡುವ. ಆದ್ರೆ ಬಟ್ಟೆ ನನ್ನದಲ್ಲ ಅಲ್ವಾ. ಕೇಳ್ಬೇಕು.”

ಅರ್ಧ ದಿನ ಅಂಗಡಿಗೆ ಬೀಗ ಹಾಕಿ ಮನೆಮನೆಗೆ ಹೋದರು. “ನಿಮ್ಮ ತುಂಡು ಉಂಟು. ಚೀಲಕ್ಕೆ ಹಾಕ್ಲಿಕ್ಕೆ ಅಡ್ಡಿ ಇಲ್ವಾ?” ಎಂದು ಕೇಳಿದರು. ಚಿಂದಿಗೆ ಅನುಮತಿ ಕೇಳುವ ಮನುಷ್ಯನನ್ನು ಕಂಡು ಕೆಲವರು ನಕ್ಕರು. ಅಂತೂ ಮಾಮ ದೊಡ್ಡ ಆಫೀಸಿಗೆ ಚೀಲ ಹೊಲಿಯುತ್ತಾರೆ ಎಂಬುದು ಜೆಪ್ಪುವಿಗೆಲ್ಲ ಗೊತ್ತಾಯಿತು. ಆಫೀಸಿನಿಂದ ಫೋಟೊಗ್ರಾಫರ್ ಬಂದು, ಅವರು ಮೆಶಿನಿನ ಮುಂದೆ ಕೂತಿರುವ ಫೋಟೊ ತೆಗೆದುಕೊಂಡು ಹೋದ.

ಮಾದರಿಯ ಹತ್ತು ಚೀಲ ನೋಡಿ ನಮ್ಮ ಮ್ಯಾನೇಜರ್ ಮೂಗು ಮುರಿದರು. ಒಂದರ ಹಾಗೆ ಇನ್ನೊಂದಿಲ್ಲವಂತೆ, ಹಳೆ ಬಟ್ಟೆಯ ಹಾಗೆ ಕಾಣುತ್ತದಂತೆ. ಹೊರ ಊರಿನಿಂದ ಹೊಸ ಬಟ್ಟೆಯ ಚೀಲಗಳು ಬಂದವು, ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು. ಒಳಗಿಡುವ ಕಾರ್ಡಿನಲ್ಲಿ ಮಾಮನ ಫೋಟೊ, ಅಂಗಡಿಯ ವಿಳಾಸ ಎರಡೂ ಮೊದಲೇ ಅಚ್ಚಾಗಿದ್ದವು. ಕಾರ್ಡು ಬದಲಿಸಬೇಕಲ್ಲ ಎಂದೆ. “ಒಳ್ಳೆ ಫೋಟೊ, ಇರ್ಲಿ ಮಾರಾಯ್ತಿ” ಎಂದರು ಮ್ಯಾನೇಜರ್. ನಾನೂ ಇರಲಿ ಎಂದುಕೊಂಡೆ. ಆರ್ಡರ್ ರದ್ದಾಯಿತು ಎಂದಷ್ಟೇ ಮಾಮನಿಗೆ ಹೇಳಿದೆ, ಕಾರ್ಡಿನ ವಿಷಯ ನುಂಗಿಕೊಂಡೆ. ಅವರು ಹತ್ತೂ ಚೀಲಗಳನ್ನು ಬಿಚ್ಚಿ, ತುಂಡುಗಳನ್ನು ಆಯಾ ಗಂಟಿಗೆ ವಾಪಸು ಸೇರಿಸಿದರು.

ಹಬ್ಬ ಕಳೆದು ತಿಂಗಳಾಗುವ ಮೊದಲೇ ಆಫೀಸಿನ ಚೀಲಗಳ ಹಿಡಿ ಕಿತ್ತು ಬರತೊಡಗಿತು. ನಮ್ಮ ಗಿರಾಕಿಗಳಲ್ಲಿ ಜೆಪ್ಪುವಿನವರೂ ಬಹಳ ಇದ್ದರು. ಜನ ಕಾರ್ಡು ಹಿಡಿದುಕೊಂಡು ಮಾಮನ ಅಂಗಡಿಗೇ ಹೋದರು. ಒಂದು ಸಂಜೆ ನಾನು ರವಿಕೆ ಕೊಡಲು ಹೋದಾಗ ಅವರ ಪಕ್ಕದಲ್ಲಿ ಆ ಚೀಲಗಳ ರಾಶಿಯೇ ಇತ್ತು. ಒಂದೊಂದು ಹಿಡಿಗೂ ಎರಡೆರಡು ಹೊಲಿಗೆ ಹಾಕುತ್ತಿದ್ದರು.

“ಇದು ನಿಮ್ಮದಲ್ಲ ಅಂತ ಹೇಳ್ಬಹುದಿತ್ತಲ್ಲ ಮಾಮ” ಎಂದೆ. ನಾಚಿಕೆಗೆಟ್ಟವಳ ಮಾತು.

“ಹೇಳಿದೆ. ಫೋಟೊ ತೋರಿಸ್ತಾರೆ. ಆರ್ಡರ್ ಉಂಟು ಅಂತ ಮನೆಮನೆಗೆ ಹೇಳಿ ಬಂದದ್ದು ನಾನೇ ಅಲ್ವಾ, ಯಾರು ನಂಬ್ತಾರೆ?” ಮೆಶಿನ್ ನಿಲ್ಲಿಸಿದರು. “ಇಷ್ಟು ವರ್ಷದಲ್ಲಿ ನನ್ನ ಹೊಲಿಗೆ ಬಿಟ್ಟಿತು ಅಂತ ಒಬ್ಬರು ಬಂದವರಿಲ್ಲ. ಅದು ನಾನು ಹೊಲಿದದ್ದಲ್ಲ ಅಂತ ನೀನು ಒಂದು ಮಾತು ಎಲ್ಲರಿಗೆ ಹೇಳು. ನನಗೆ ಬೇರೆ ಎಂತ ಬೇಡ.”

ನಾಳೆಯೇ ಎಲ್ಲರಿಗೂ ಮೆಸೇಜ್ ಕಳಿಸುತ್ತೇನೆ ಎಂದೆ. ಕಳಿಸಲಿಲ್ಲ. ಬಡ್ತಿಯ ಸಮಯ, ಮ್ಯಾನೇಜರ್ ಮುನಿಸಿಕೊಂಡಾರು ಎಂಬ ಹೆದರಿಕೆ. ಅಂಗಡಿಯ ಎದುರು ಹಾಯಬಾರದೆಂದು ಹಿಂದಿನ ರಸ್ತೆಯಿಂದ ಸುತ್ತಿ ಮನೆಗೆ ಬರುತ್ತಿದ್ದೆ. ಹೀಗೆ ಮೂರು ವಾರ. ಅಷ್ಟರಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದ ಮಾಮ ಜೀವಂತ ಹಿಂದಿರುಗಲಿಲ್ಲ.

ಅವರ ಅಂಗಳದಲ್ಲಿ ಓಣಿಯವರೆಲ್ಲ ಸೇರಿದ್ದರು. ನಮ್ಮ ಮ್ಯಾನೇಜರೂ ಹಾರ ಹಿಡಿದು ಬಂದಿದ್ದರು. ಮಾಮನ ಹೆಂಡತಿ ನನ್ನ ಕೈ ಹಿಡಿದುಕೊಂಡರು. “ಆ ಚೀಲದ ವಿಷಯ ಇವರಿಗೆಲ್ಲ ಒಮ್ಮೆ ಹೇಳು ಮಗಾ. ಆಸ್ಪತ್ರೆಯಲ್ಲಿಯೂ ಅದನ್ನೇ ಹೇಳ್ತಾ ಇದ್ರು.”

ನಾನು ಮ್ಯಾನೇಜರ ಮುಖ ನೋಡಿದೆ. “ಮಾಮ ತುಂಬ ಒಳ್ಳೆಯವರು” ಎಂದೆ. ಮಾಮಿ ನನ್ನ ಕೈ ಬಿಟ್ಟರು.

ಆ ಆಫೀಸಿನಲ್ಲಿ ನಾನೀಗ ಇಲ್ಲ, ಹಾಗಾಗಿ ಇದನ್ನು ಬರೆಯಲು ಧೈರ್ಯವೂ ಬೇಕಿಲ್ಲ. ಆ ಮುನ್ನೂರು ಚೀಲಗಳಲ್ಲಿ ಒಂದನ್ನೂ ಅವರು ಹೊಲಿದಿರಲಿಲ್ಲ. ಕಿತ್ತುಹೋದ ಹಿಡಿಗಳನ್ನಷ್ಟೇ ಹೊಲಿದರು.