ಮೂರನೆಯ ಸಲದ ಬಳೆ

ಆಗ ನಾನು ಬೇಡಕಿಹಾಳದಲ್ಲಿ ಮನೆಮನೆಗೆ ಹೋಗಿ ಬಳೆ ಇಡಿಸುತ್ತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಒಂದೇ ತಿಂಗಳಲ್ಲಿ ಮೂರನೆಯ ಸಲ ಬಲಗೈ ಚಾಚಿದಳು.

“ಮತ್ತ ಒಡೆದ್ವೇನವ್ವಾ?”

“ಬಾವ್ಯಾಗ ನೀರು ಸೇದೂವಾಗ ಒಡೆದ್ವ್ರಿ ಕಾಕಾ.”

ಅವರ ಅಂಗಳಕ್ಕೆ ನಳ ಬಂದು ವರ್ಷವಾಗಿತ್ತು. ಸಂಶಯದಿಂದ ಕೈ ತಿರುಗಿಸಿದರೆ ನಾಲ್ಕು ಬೆರಳಿನ ನೀಲಿ ಗುರುತು.

“ಯಾರು ಮಾಡಿದ್ದವ್ವಾ ಇದು?”

“ಲಗ್ನ ನಿಶ್ಚಯ ಆಗೇತಲ್ರಿ, ಅಂವ. ಕ್ಲಾಸಿನವರ ಕೂಡ ಮಾತಾಡಿದ್ರ ಕೈ ತಿರುವತಾನ. ನನ್ನ ಮ್ಯಾಲ ಭಾಳ ಜೀವ ಅವಂಗ.”

“ಶಿವಶಿವಾ! ನಾ ದಿನಾ ಎಷ್ಟು ಕೈ ಹಿಡೀತೀನಿ, ಒಂದರ ಮ್ಯಾಲೂ ಹಿಂಗ ಗುರುತು ಬಿದ್ದಿಲ್ಲ. ಅವ್ವಗ ನೀ ಹೇಳ್ತಿಯೋ, ನಾ ಕರೀಲೋ?”

“ನೀವೇ ಕರೀರಿ,” ಎಂದಳು, ತಲೆ ಎತ್ತದೆ.

ಆ ಸಂಬಂಧ ಮುರಿಯಿತು. ಅಂದಿನಿಂದ ನಾನು ಕೈ ತಿರುಗಿಸಿ ನೋಡದೆ ಬಳೆ ಇಡಿಸುವುದಿಲ್ಲ. ಕೆಲವರು ನನ್ನನ್ನು ಜ್ಯೋತಿಷಿ ಎಂದೇ ತಿಳಿದು, ಲಗ್ನ ಯಾವಾಗ ಎಂದು ಕೇಳುತ್ತಾರೆ.